ಹವಾಮಾನ ಹಿಂದೆಯೂ ಬದಲಾಗಿತ್ತಲ್ಲ, ಈಗಿನ ತಾಪ ಏರಿಕೆಗೆ ಮನುಷ್ಯನೇ ಕಾರಣವೆನ್ನುವುದು ಹೇಗೆ?

ಹಿಂದೆ ಬದಲಾಗಿದ್ದು ನಿಜ, ಸಂದೇಹಪಡುವುದೂ ತಪ್ಪಲ್ಲ. ಆದರೆ ಆ ಸಂದೇಹ ಅಳತೆಗಳ ಮುಂದೆ ನಿಲ್ಲಬೇಕು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ತೊಡಗಿದಾಗ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇದ್ದ, ಭೂಮಿಯ ಶಾಖವನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಅದು ಎಲ್ಲಿಂದ ಬಂತೆಂಬುದಕ್ಕೆ ಇಂಗಾಲವೇ ಸಾಕ್ಷಿ: ಕಲ್ಲಿದ್ದಲು, ತೈಲಗಳು ಜೀವಿಗಳ ಅವಶೇಷಗಳಿಂದ ಆದವಾದ್ದರಿಂದ ಅವುಗಳಲ್ಲಿ ಕಾರ್ಬನ್-13ರ (ಇಂಗಾಲದ ತುಸು ಭಾರವಾದ ರೂಪ) ಪಾಲು ಕಡಿಮೆ, ಅವುಗಳನ್ನು ಉರಿಸುತ್ತ ಬಂದಂತೆ ವಾತಾವರಣದಲ್ಲಿಯೂ ಆ ಪಾಲು ಇಳಿಯುತ್ತ ಬಂದಿದೆ, ಜ್ವಾಲಾಮುಖಿಗಳ ಅನಿಲಕ್ಕೆ ಈ ಗುರುತಿಲ್ಲ. ಇನ್ನು ಸೂರ್ಯನೇ ಕಾರಣವೆಂಬ ವಾದ (ಎಲ್ಲಕ್ಕಿಂತ ದುರ್ಬಲವಾದದ್ದು ಅದೇ ಎಂದು ನನ್ನ ಅನಿಸಿಕೆ): ಬಿಸಿಲಿನ ತೀವ್ರತೆ ಹೆಚ್ಚಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು, ಆದರೆ ಕೆಳಪದರ ಕಾಯುತ್ತಿರುವಾಗಲೇ ಅದರ ಮೇಲಿನ ಸಮೋಷ್ಣ ಮಂಡಲ ತಣ್ಣಗಾಗುತ್ತಿದೆ.