ಕಾದ ಗಾಳಿಯಿಂದ ತಂಪು ಹೇಗೆ?

ಪ್ರಶ್ನೆ: ಶಬ್ದದ ಮೂರು ಪಟ್ಟು ವೇಗದಲ್ಲಿ ಹಾರುವಾಗ ಎದುರಿನಿಂದ ಒಳಬರುವ ಗಾಳಿಯೇ ಕಾದಿರುತ್ತದಂತೆ. ಹಾಗಿದ್ದರೆ ಜೆಟ್ ಎಂಜಿನ್ ತಣ್ಣಗಾಗುವುದು ಹೇಗೆ?
– ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ಕಾದಿರುವುದು ನಿಜ. ನುಗ್ಗಿ ಬರುವ ಗಾಳಿಯನ್ನು ಎಂಜಿನ್ನಿನ ಬಾಯಲ್ಲೇ ಶಬ್ದವೇಗಕ್ಕಿಂತ ಕೆಳಗಿಳಿಸದಿದ್ದರೆ ಗಾಳಿಯನ್ನು ಹಂತಹಂತವಾಗಿ ಒತ್ತುವ ಕಂಪ್ರೆಸರ್ ಕೆಲಸ ಮಾಡದು. ಹಾಗೆ ತಡೆದಾಗ ಅದರ ವೇಗವೆಲ್ಲ ಶಾಖವಾಗುತ್ತದೆ. ಲೆಕ್ಕ ನೀವೇ ಹಾಕಿ ನೋಡಿ: ಮ್ಯಾಕ್ ಸಂಖ್ಯೆಯ (ವೇಗ ಶಬ್ದವೇಗದ ಎಷ್ಟು ಪಟ್ಟು ಎಂಬುದು) ವರ್ಗವನ್ನು 0.2ರಿಂದ ಗುಣಿಸಿ, 1 ಕೂಡಿಸಿ, ಹೊರಗಿನ ಗಾಳಿಯ ಕೆಲ್ವಿನ್ ತಾಪಮಾನದಿಂದ ಗುಣಿಸಿ. ಇಂಥ ವಿಮಾನಗಳು ಹಾರುವ ಎತ್ತರದಲ್ಲಿ ಗಾಳಿ ಸುಮಾರು 217 ಕೆಲ್ವಿನ್, ಅಂದರೆ ಮೈನಸ್ 56 ಡಿಗ್ರಿ ಸೆಲ್ಸಿಯಸ್. ಮ್ಯಾಕ್ 2ರಲ್ಲಿ ಅದು 117 ಡಿಗ್ರಿಗೆ, ಮ್ಯಾಕ್ 3.2ರಲ್ಲಿ ಸುಮಾರು 390 ಡಿಗ್ರಿಗೆ ಏರುತ್ತದೆ. ಸೀಸ 327ಕ್ಕೇ ಕರಗುತ್ತದೆ!

ಆದರೂ ಈ ಗಾಳಿ ತಂಪು ಮಾಡಬಲ್ಲದು. ತಂಪಾಗಬೇಕಾದ ಭಾಗ ಅದಕ್ಕಿಂತ ಬಿಸಿಯಾಗಿದ್ದರೆ ಸಾಕು. 1964ರಲ್ಲಿ ಮೊದಲು ಹಾರಿದ ಅಮೆರಿಕದ ಎಸ್‌ಆರ್-71 ಬೇಹುಗಾರಿಕೆ ವಿಮಾನವನ್ನೇ ನೋಡಿ. ಅದರ ಜೆ58 ಎಂಜಿನ್ನಿನ ಕಂಪ್ರೆಸರ್‌ನಲ್ಲಿ ಒಂಬತ್ತು ಹಂತ. ನಾಲ್ಕನೆಯ ಹಂತ ದಾಟಿದ ಗಾಳಿಯ ಒಂದು ಪಾಲನ್ನು ಆರು ದಪ್ಪ ಕೊಳವೆಗಳು ಎಂಜಿನ್ನಿನ ಪಕ್ಕದಲ್ಲೇ ಸಾಗಿಸಿ, ಟರ್ಬೈನ್ (ಬಿಸಿ ಅನಿಲ ತಿರುಗಿಸುವ ಚಕ್ರ) ಹಿಂದಿನ ಆಫ್ಟರ್‌ಬರ್ನರ್‌ಗೆ, ಅಂದರೆ ಮತ್ತಷ್ಟು ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಭಾಗಕ್ಕೆ, ಬಿಡುತ್ತಿದ್ದವು. ಕಂಪ್ರೆಸರ್‌ನ ಕೊನೆಯ ಹಂತಗಳು ಗಾಳಿ ಹಿಡಿಸಲಾರದೆ ಕಟ್ಟಿಕೊಳ್ಳುವುದು ಇದರಿಂದ ತಪ್ಪುತ್ತಿತ್ತು, ಆಫ್ಟರ್‌ಬರ್ನರ್‌ನ ಒಳಗೋಡೆಗೂ ತಂಪು ಸಿಗುತ್ತಿತ್ತು. ಗಾಳಿಬಾಯಿಯ ಗೋಡೆಗೆ ಅಂಟಿಕೊಂಡು ಬರುವ ನಿಧಾನಗತಿಯ ಪದರವನ್ನೂ ಬಿಡದೆ ಸೀಳುಗಳಿಂದ ಎಳೆದು, ಎಂಜಿನ್ನಿನ ಸುತ್ತ ಹರಿಸಿ ಹಿಂದಿನಿಂದ ಹೊರಬಿಡುತ್ತಿದ್ದರು.

ಎಂಜಿನ್ ಆಯಿಲ್, ಹೈಡ್ರಾಲಿಕ್ ದ್ರವ, ಪೈಲಟ್ ಕೂರುವ ಕೋಣೆ ಇವಕ್ಕೆ ಮಾತ್ರ 390 ಡಿಗ್ರಿಯ ಗಾಳಿಯಿಂದ ಏನೂ ಉಪಯೋಗವಿಲ್ಲ. ಅಲ್ಲಿನ ಶಾಖವನ್ನೆಲ್ಲ ಹೀರುತ್ತಿದ್ದುದು ಇಂಧನ. ಹೀರಿಕೊಂಡು ಆಮೇಲೆ ಎಂಜಿನ್ನಿನಲ್ಲಿ ಉರಿಯುತ್ತಿತ್ತು. ಮಾಮೂಲಿ ಸೀಮೆಎಣ್ಣೆಯಂಥ ಇಂಧನ ಅಷ್ಟು ಕಾದರೆ ಕರಿಕಟ್ಟಿ, ಇಂಧನ ಸಿಂಪಡಿಸುವ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಅದಕ್ಕೆಂದೇ ಜೆಪಿ-7 ಎಂಬ ಇಂಧನ ತಯಾರಾಯಿತು. ಅದು ಸುಲಭಕ್ಕೆ ಹೊತ್ತಿಕೊಳ್ಳದು. ಎಂಜಿನ್ ಶುರು ಮಾಡಲು ಗಾಳಿ ಸೋಕಿದೊಡನೆ ಉರಿಯುವ ಟ್ರೈಈಥೈಲ್ ಬೋರೇನ್ ಬೇಕಾಗುತ್ತಿತ್ತು. ಜೆಪಿ-7 ಬಹಳ ಅಚ್ಚುಕಟ್ಟಾದ ಪರಿಹಾರವೆಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಟರ್ಬೈನ್ ಬ್ಲೇಡ್‌ನ ಸಣ್ಣ ರಂಧ್ರಗಳು ಮುಚ್ಚಿಹೋದರೆ?
– ಡಿಪ್ಲೊಮಾ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಬ್ಲೇಡ್ ಅಲ್ಲೇ ಸುಡುತ್ತದೆ. ಈಗಿನ ಎಂಜಿನ್‌ಗಳಲ್ಲಿ ಟರ್ಬೈನ್‌ಗೆ ಬಡಿಯುವ ಅನಿಲ 1,500 ಡಿಗ್ರಿಗೂ ಹೆಚ್ಚು. ಬ್ಲೇಡ್‌ನ ನಿಕ್ಕಲ್ ಮಿಶ್ರಲೋಹ ಅದಕ್ಕೂ ಮೊದಲೇ ಕರಗುತ್ತದೆ. ಕಂಪ್ರೆಸರ್‌ನಿಂದ ಕದ್ದು ತಂದ ಗಾಳಿ ಟೊಳ್ಳು ಬ್ಲೇಡ್‌ನೊಳಗೆ ಸುತ್ತಿ, ರಂಧ್ರಗಳಿಂದ ಹೊರಬಂದು, ಮೈಮೇಲೆ ತೆಳುವಾದ ಹೊದಿಕೆಯಾಗಿ ಹರಡುತ್ತದೆ. ಮರುಭೂಮಿಯ ಧೂಳು, ಜ್ವಾಲಾಮುಖಿಯ ಬೂದಿ ಕರಗಿ ಗಾಜಿನಂತೆ ಅಂಟಿ ರಂಧ್ರಗಳನ್ನು ಮುಚ್ಚಿದರೆ ಆ ಹೊದಿಕೆ ಚಿಂದಿಯಾಗುತ್ತದೆ. ಅಷ್ಟೇ ಅಪಾಯಕಾರಿ ಇನ್ನೊಂದಿದೆ: ಒಳಗಿನ ಗಾಳಿಯ ಒತ್ತಡ ಹೊರಗಿನ ಅನಿಲದ ಒತ್ತಡಕ್ಕಿಂತ ಕಡಿಮೆಯಾದರೆ, ಬೆಂಕಿಯಂಥ ಅನಿಲವೇ ರಂಧ್ರದೊಳಗೆ ನುಗ್ಗುತ್ತದೆ. ಅದಕ್ಕೇ ಬ್ಲೇಡ್‌ಗಳ ಮೊದಲ ಸಾಲಿಗೆ ಕಂಪ್ರೆಸರ್‌ನ ಒತ್ತಡ ಹೆಚ್ಚಿರುವ ಕೊನೆಯ ಹಂತದ ಗಾಳಿಯನ್ನು, ಹಿಂದಿನ ಸಾಲುಗಳಿಗೆ ಮಧ್ಯದ ಹಂತದ್ದನ್ನು ಕೊಡುವುದು.