ಕುದುರೆ, ಕತ್ತಿ, ಊಟ: ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷವಾಗಿಲ್ಲ. ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮನೆಮಂದಿಯೆಲ್ಲ ಸಸ್ಯಾಹಾರಿಗಳು. ಮಗಳ ಕ್ಲಾಸಿನ ಮಕ್ಕಳು ಸುಮಾರು ಜನ ಲಿಂಡ್‌ಹರ್ಸ್ಟ್‌ನ ಮಿಡೀವಲ್ ಟೈಮ್ಸ್ ಅನ್ನುವ, ಊಟ ಮಾಡುತ್ತಾ ಕುದುರೆ ಸವಾರರ ಕಾಳಗ ನೋಡುವ ಶೋಗೆ ಹೋಗಿ ಬಂದಿದ್ದಾರೆ, ಅವಳೂ ಹಟ ಹಿಡಿದಿದ್ದಾಳೆ. "ಅಕ್ಕಾ, ಅಷ್ಟು ದುಡ್ಡು ಕೊಟ್ಟು ಹೋಗಬಹುದಾ? ಚಿಕ್ಕವನು ಹೆದರಿಕೊಳ್ಳುತ್ತಾನಾ? ನಾವು ತಿನ್ನುವಂಥದ್ದು ಏನಾದರೂ ಸಿಗುತ್ತಾ?" ಅಂತ ಕೇಳಿದ್ದೀರಿ.

ಖಂಡಿತ ಹೋಗಿ. ನೀವು ಕೊನೆಯಲ್ಲಿ ಇನ್ನೊಂದು ಮಾತು ಬರೆದಿದ್ದೀರಿ, ಮಗಳು ಶಾಲೆಯಲ್ಲಿ ಬಾಯೇ ಬಿಡುವುದಿಲ್ಲ, ಟೀಚರ್ ಕೂಡ ಕರೆದು ಹೇಳಿದರು ಅಂತ. ನೀವು ಕೇಳಿದ ಮೂರು ಪ್ರಶ್ನೆಗಳಿಗಿಂತ ಆ ಮಾತೇ ನನ್ನ ಮನಸ್ಸಿಗೆ ನಾಟಿತು. ಹೋಗಿ ಅಂತ ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದೂ ಅದಕ್ಕೇ. ಮೊದಲು ಅಲ್ಲಿ ಏನೇನು ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ.

ಇಲ್ಲಿ ಡಿನ್ನರ್ ಥಿಯೇಟರ್ ಅಂದರೆ ಒಂದೇ ಟಿಕೆಟ್ಟಿನಲ್ಲಿ ಊಟವೂ ಆಟವೂ ಸಿಗುವ ಜಾಗ. ಎಲ್ಲವೂ ಮಕ್ಕಳಿಗೆ ಅಂತ ಇರುವುದಿಲ್ಲ. ಕೆಲವು ಕಡೆ ದೊಡ್ಡವರ ಸಂಗೀತ ನಾಟಕ, ಇನ್ನು ಕೆಲವು ಕಡೆ ಕೊಲೆ ಮಾಡಿದ್ದು ಯಾರು ಅಂತ ಪತ್ತೆ ಹಚ್ಚುವ ಆಟ. ಹೆಸರು ನೋಡಿ ಬುಕ್ ಮಾಡಬೇಡಿ, ಶೋ ಯಾವುದು, ಯಾವ ವಯಸ್ಸಿನವರಿಗೆ ಅಂತ ಓದಿ ನೋಡಿ. ಮಕ್ಕಳಿಗೆ ಹೊಂದುವುದು ರಾಜ-ರಾಣಿ, ಕಡಲ್ಗಳ್ಳರು, ಕೌಬಾಯ್‌ಗಳು ಇರುವಂಥವು. ನಿಮ್ಮ ಮಗಳು ಕೇಳುತ್ತಿರುವುದು ರಾಜ-ರಾಣಿಯರದ್ದು. ಈ ಆಟ ಮೊದಲು ಶುರುವಾದದ್ದು ಸ್ಪೇನಿನಲ್ಲಿ. ಅಮೆರಿಕದ ಮೊದಲ ಕೋಟೆ (ಈ ಆಟ ನಡೆಯುವ ಥಿಯೇಟರನ್ನು ಕೋಟೆ ಅಂತಲೇ ಕರೆಯುತ್ತಾರೆ) 1983ರಲ್ಲಿ ಫ್ಲೋರಿಡಾದ ಕಿಸಿಮ್ಮಿಯಲ್ಲಿ ತೆರೆಯಿತು. ಈಗ ಅಮೆರಿಕದಲ್ಲಿ ಒಂಬತ್ತು ಕೋಟೆಗಳಿವೆ, ಕೆನಡಾದ ಟೊರಾಂಟೊದಲ್ಲಿ ಒಂದಿದೆ. ನಮ್ಮ ಕಡೆಯವರಿಗೆ ಹತ್ತಿರದ್ದು ಲಿಂಡ್‌ಹರ್ಸ್ಟ್.

ಒಳಗೆ ಹೋಗುತ್ತಿದ್ದ ಹಾಗೆ ಒಬ್ಬೊಬ್ಬರ ತಲೆಗೂ ಒಂದು ಕಾಗದದ ಕಿರೀಟ ಇಡುತ್ತಾರೆ. ಅದರ ಬಣ್ಣವೇ ನಿಮ್ಮ ಪಕ್ಷ. ಕೆಂಪು, ನೀಲಿ, ಹಸಿರು, ಹಳದಿ, ಕೆಂಪು-ಹಳದಿ, ಕಪ್ಪು-ಬಿಳಿ ಅಂತ ಆರು ಬಣ್ಣ, ಆರು ಜನ ಕುದುರೆ ಸವಾರ ವೀರರು. ನಡುವೆ ಮರಳು ಹಾಸಿದ ಅಖಾಡ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಉದ್ದುದ್ದ ಮೇಜುಗಳು. ಒಂದು ಬಣ್ಣದವರೆಲ್ಲ ಒಂದೇ ಕಡೆ ಕೂರುತ್ತಾರೆ, ಎಲ್ಲರೂ ಅಖಾಡದ ಕಡೆಗೆ ಮುಖ ಮಾಡಿ. ನಿಮ್ಮ ಬಣ್ಣದ ವೀರ ಬಂದಾಗ ಕೂಗಬೇಕು, ಮೇಜು ಬಡಿಯಬೇಕು. ಎದುರು ಪಕ್ಷದವನು ಬಂದರೆ 'ಬೂ' ಅನ್ನಬೇಕು. ಅಲ್ಲಿ ಪ್ರೇಕ್ಷಕರ ಕೆಲಸವೇ ಅದು.

ಕತೆ ಹನ್ನೊಂದನೇ ಶತಮಾನದ ಸ್ಪೇನಿನದ್ದು. ಹಿಂದೆಲ್ಲ ಸಿಂಹಾಸನದಲ್ಲಿ ರಾಜ ಕೂರುತ್ತಿದ್ದ. 2017-18ರ ಹೊತ್ತಿಗೆ ಕತೆ ಬದಲಾಯಿಸಿ ರಾಣಿಯನ್ನು ಕೂರಿಸಿದರು. ಆಜ್ಞೆ ಕೊಡುವವಳು ಅವಳೇ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ಸಣ್ಣ ವಿಷಯವಲ್ಲ. ಮೊದಲ ಅರ್ಧದಲ್ಲಿ ಕುದುರೆಗಳದ್ದೇ ಕಾರುಬಾರು. ಸ್ಪೇನಿನ ಆಂಡಲೂಸಿಯನ್ ತಳಿಯ ಕುದುರೆಗಳು. ಟೆಕ್ಸಾಸ್‌ನಲ್ಲಿ ಈ ಕಂಪನಿಯದ್ದೇ ಫಾರ್ಮ್ ಇದೆ, ಅಲ್ಲೇ ಸಾಕಿ ಬೆಳೆಸುತ್ತಾರೆ. ಬೆಳ್ಳನೆಯ ಕುದುರೆಯೊಂದು ಸಂಗೀತಕ್ಕೆ ಸರಿಯಾಗಿ ಕಾಲೆತ್ತಿ ಹೆಜ್ಜೆ ಹಾಕುತ್ತಿದ್ದರೆ ಅದರ ಮೂಗಿನ ಹೊಳ್ಳೆಯಿಂದ ಬರುವ ಉಸಿರು ಕೂಡ ಮುಂದಿನ ಸಾಲಿನವರಿಗೆ ಕೇಳಿಸುತ್ತದೆ. ಆಮೇಲೆ ದೀಪ ತಗ್ಗಿಸಿ ಗಿಡುಗವನ್ನು ಹಾರಿಸುತ್ತಾರೆ. ಅದು ಜನರ ತಲೆಯ ಮೇಲೆಯೇ ಸುತ್ತು ಹೊಡೆಯುತ್ತದೆ. ನಂತರ ಪಂದ್ಯಗಳು. ಓಡುವ ಕುದುರೆಯ ಮೇಲಿಂದ ಈಟಿಯಲ್ಲಿ ಪುಟ್ಟ ಉಂಗುರ ಎತ್ತುವುದು, ಈಟಿ ಕಾಳಗ, ಕೊನೆಗೆ ನೆಲದ ಮೇಲೆ ಕತ್ತಿ ಕಾಳಗ. ಕತ್ತಿಗೆ ಕತ್ತಿ ತಾಗಿದಾಗ ನಿಜಕ್ಕೂ ಕಿಡಿ ಹಾರುತ್ತದೆ. ನಡುನಡುವೆ ವೀರರು ತಮ್ಮ ಪಕ್ಷದ ಜನರತ್ತ ಹೂ ಎಸೆಯುತ್ತಾರೆ. ಅದು ಸಿಕ್ಕ ಮಗುವಿನ ಮುಖ ನೋಡಬೇಕು ನೀವು.

ಈಗ ಮಗಳ ವಿಷಯಕ್ಕೆ ಬರುತ್ತೇನೆ. ನನ್ನ ಮಗಳೂ ಬಂದ ಹೊಸತರಲ್ಲಿ ಹಾಗೇ ಇದ್ದಳು. ಕನ್ನಡ ಕೂಟದ ಕಾರ್ಯಕ್ರಮದಲ್ಲಿ ವೇದಿಕೆ ಹತ್ತಿ ದೇವರನಾಮ ಹಾಡುವ ಹುಡುಗಿ, ಶಾಲೆಯಲ್ಲಿ ಬಾತ್‌ರೂಮಿಗೆ ಹೋಗಬೇಕು ಅಂತ ಕೇಳಲೂ ಹಿಂಜರಿಯುತ್ತಿದ್ದಳು. ತನ್ನ ಇಂಗ್ಲಿಷ್ ಬೇರೆ ಥರ ಕೇಳಿಸುತ್ತದೆ ಅನ್ನುವುದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಮಗೆ ಸಿಕ್ಕಿದ್ದು ಹಸಿರು ಕಿರೀಟ. ಪಕ್ಕದಲ್ಲಿ ಗುರುತಿಲ್ಲದ ಒಂದು ಕುಟುಂಬ, ಅವರ ಮಗಳಿಗೂ ಇವಳದ್ದೇ ವಯಸ್ಸು. ಶುರುವಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಾ ಕೂತಿದ್ದರು. ಹಸಿರು ವೀರ ಉಂಗುರ ಎತ್ತಿದ ಕೂಡಲೇ ಆ ಹುಡುಗಿ ಎದ್ದು ನಿಂತು ಕಿರುಚಿದಳು, ಇವಳೂ ಎದ್ದಳು. ಆಮೇಲೆ ಇಬ್ಬರೂ ಕೂರಲೇ ಇಲ್ಲ. ನನ್ನ ಮಗಳಿಗೆ ಅಷ್ಟು ದೊಡ್ಡ ಗಂಟಲು ಇದೆ ಅಂತ ನನಗೂ ಗೊತ್ತಿರಲಿಲ್ಲ. ಕೂಗುವುದಕ್ಕೆ ವ್ಯಾಕರಣ ಬೇಕಿಲ್ಲ, ಉಚ್ಚಾರಣೆ ಸರಿಯಿದೆಯಾ ಅಂತ ಯಾರೂ ನೋಡುವುದಿಲ್ಲ. ಸುತ್ತಲಿದ್ದವರೆಲ್ಲ ಅದೇ ಬಣ್ಣ, ಅದೇ ಕೂಗು. ಸೋಮವಾರ ಶಾಲೆಗೆ ಹೋದಾಗ ಅವಳ ಹತ್ತಿರ ಹೇಳಿಕೊಳ್ಳುವುದಕ್ಕೆ ಒಂದು ಕತೆ ಇತ್ತು, ಅದನ್ನು ಕೇಳಿ "ನಾನು ನೀಲಿ ಇದ್ದೆ" ಅನ್ನುವ ಮಕ್ಕಳೂ ಇದ್ದರು. ಒಂದು ಸಂಜೆಯಲ್ಲಿ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಮಾತು ಶುರುವಾದದ್ದು ಅಲ್ಲಿಂದ.

ಹೊಸದಾಗಿ ಬಂದ ಮಕ್ಕಳನ್ನು ನಾವು ಸಾಮಾನ್ಯವಾಗಿ ಮ್ಯೂಸಿಯಂ, ಲೈಬ್ರರಿ ಅಂತ ಕರೆದುಕೊಂಡು ಹೋಗುತ್ತೇವೆ. ಒಳ್ಳೆಯದೇ. ಆದರೆ ಅಲ್ಲೆಲ್ಲ ಸುಮ್ನೆ ಇರು, ಮುಟ್ಟಬೇಡ, ಮೆಲ್ಲಗೆ ಮಾತಾಡು ಅಂತಲೇ ಹೇಳುತ್ತಿರುತ್ತೇವೆ. ಇಲ್ಲಿನ ಜನರ ನಡುವೆ ಗಟ್ಟಿಯಾಗಿ ಬಾಯಿ ಬಿಡಲು ಅವಕಾಶ ಕೊಡುವ ಜಾಗವೂ ಒಂದು ಬೇಕಲ್ವಾ?

ಊಟದ ವಿಷಯದಲ್ಲಿ ನಿಮಗೆ ಖುಷಿಯಾಗುವ ಸಂಗತಿ ಒಂದಿದೆ. ಅಲ್ಲಿ ಚಮಚ, ಫೋರ್ಕ್ ಕೊಡುವುದಿಲ್ಲ. ಆ ಕಾಲದಲ್ಲಿ ಕೈಯಲ್ಲೇ ತಿನ್ನುತ್ತಿದ್ದರು ಅಂತ ಎಲ್ಲರೂ ಕೈಯಲ್ಲೇ ತಿನ್ನಬೇಕು. ಸೂಪನ್ನು ಕೂಡ ಹಿಡಿಯಿರುವ ಬಟ್ಟಲಿನಿಂದ ನೇರವಾಗಿ ಕುಡಿಯುವುದು. ಶಾಲೆಯ ಊಟದ ಹಾಲಿನಲ್ಲಿ ಕೈಯಲ್ಲಿ ತಿನ್ನಲು ನಾಚುವ ನಮ್ಮ ಮಕ್ಕಳು, ಇಡೀ ಹಾಲ್ ಬೆರಳು ನೆಕ್ಕುತ್ತಾ ಕೂತಿರುವುದನ್ನು ನೋಡಬೇಕು.

ಎಲ್ಲರಿಗೂ ಬಡಿಸುವುದು ಬೆಳ್ಳುಳ್ಳಿ ಬ್ರೆಡ್, ಟೊಮೆಟೊ ಸೂಪ್, ಹುರಿದ ಕೋಳಿ, ಮುಸುಕಿನ ಜೋಳ, ಆಲೂಗಡ್ಡೆ, ಕೊನೆಗೊಂದು ಸಿಹಿ. ಸಸ್ಯಾಹಾರಿಗಳಿಗೆ ಬೇರೆ ತಟ್ಟೆ ಇದೆ. ಕಾಳುಗಳ ಗೊಜ್ಜಿನಂಥದ್ದು, ಅನ್ನ, ಕಡಲೆ ಅರೆದು ಮಾಡಿದ ಹಮ್ಮಸ್, ಪೀಟಾ ಬ್ರೆಡ್, ಹಣ್ಣು, ಹೀಗೆ. ಆಗಾಗ ಬದಲಾಗುವುದರಿಂದ ಅವರ ವೆಬ್‌ಸೈಟ್ ನೋಡಿಕೊಳ್ಳಿ. ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ತಿಳಿಸಿ. ಕೂತ ಮೇಲೆ ಬಡಿಸುವವರಿಗೆ ಇನ್ನೊಮ್ಮೆ ಹೇಳಿ, ಮೊದಲ ತಟ್ಟೆ ಬರುವ ಮುಂಚೆಯೇ. ಶೋ ಶುರುವಾದರೆ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಮೊಟ್ಟೆ ತಿನ್ನುವುದಿಲ್ಲ ಅನ್ನುವುದಾದರೆ ಸಿಹಿಯಲ್ಲಿ ಏನಿದೆ ಅಂತ ಬಿಡಿಸಿ ಕೇಳಿ. ಇಲ್ಲಿ ಸಸ್ಯಾಹಾರ ಅಂದರೆ ಮೊಟ್ಟೆಯೂ ಸೇರಿದ್ದು ಅಂತಲೇ ತಿಳಿಯುತ್ತಾರೆ. ಪಕ್ಕದವರ ತಟ್ಟೆಯಲ್ಲಿ ಅರ್ಧ ಕೋಳಿ ಇರುತ್ತದೆ, ಮೇಜು ಒಂದೇ ಉದ್ದದ ಹಲಗೆ. ಅದನ್ನು ನೋಡಿದರೆ ನಿಮಗೆ ತೀರಾ ಮುಜುಗರ ಅನ್ನಿಸುವುದಾದರೆ ಮೊದಲೇ ಯೋಚಿಸಿ. ಖಾರ, ಮಸಾಲೆ ಏನೂ ಇರುವುದಿಲ್ಲ. ನಾವಂತೂ ಮಕ್ಕಳಿಗೆ ಮನೆಯಲ್ಲೇ ಒಂದಿಷ್ಟು ಮೊಸರನ್ನ ತಿನ್ನಿಸಿ ಹೊರಡುತ್ತೇವೆ.

ಚಿಕ್ಕವನು ಹೆದರುತ್ತಾನಾ ಅಂದರೆ, ಸ್ವಲ್ಪ ಹೆದರಬಹುದು. ದೀಪ ಆರುತ್ತದೆ, ಹೊಗೆ ಬರುತ್ತದೆ, ಈಟಿ ಮುರಿಯುವ ಸದ್ದು ಎದೆಗೆ ಬಡಿಯುತ್ತದೆ. ಮನುಷ್ಯರು ಕುದುರೆಯಿಂದ ದೊಪ್ಪನೆ ಬೀಳುತ್ತಾರೆ. ರಕ್ತ ಏನೂ ತೋರಿಸುವುದಿಲ್ಲ, ಆದರೆ ನಾಲ್ಕು ವರ್ಷದವನಿಗೆ ಬಿದ್ದವನು ಸತ್ತನೇನೋ ಅನ್ನಿಸುತ್ತದೆ. ಊರಲ್ಲಿ ಯಕ್ಷಗಾನಕ್ಕೆ ಹೋದಾಗ ನಮ್ಮಜ್ಜ ನಮ್ಮನ್ನು ಮೊದಲು ಚೌಕಿಗೆ ಕರೆದುಕೊಂಡು ಹೋಗಿ, ರಾಕ್ಷಸನ ವೇಷ ಹಾಕುವವರು ಬಣ್ಣ ಬಳಿದುಕೊಳ್ಳುವುದನ್ನು ತೋರಿಸುತ್ತಿದ್ದರು. ಆಮೇಲೆ ಅದೇ ರಾಕ್ಷಸ ರಂಗಸ್ಥಳದಲ್ಲಿ ಅಬ್ಬರಿಸಿದರೂ ನಮಗೆ ಭಯವಾಗುತ್ತಿರಲಿಲ್ಲ. ನೀವೂ ಹಾಗೇ ಮಾಡಿ. ಈ ವೀರರು ಅಭ್ಯಾಸ ಮಾಡುವ, ಬೀಳುವುದನ್ನು ಕಲಿಯುವ ವಿಡಿಯೊಗಳು ಸಿಗುತ್ತವೆ, ಹೋಗುವ ಮುಂಚೆ ಕೂರಿಸಿ ತೋರಿಸಿ. ಬಿದ್ದವರು ಎದ್ದು ಬರುತ್ತಾರೆ ಅಂತ ಹೇಳಿಟ್ಟಿರಿ. ಸಾಮಾನ್ಯವಾಗಿ ಶೋ ಮುಗಿದ ಮೇಲೆ ಅವರೇ ಹೊರಗಿನ ಹಾಲಿಗೆ ಬಂದು ಮಕ್ಕಳ ಜೊತೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸುಸ್ತಾಗಿದ್ದರೂ ಅದಕ್ಕೆ ಕಾಯಿರಿ. ಬಿದ್ದವನ ಕೈ ಕುಲುಕಿದ ಮಗು ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ.

ಸದ್ದು ತಗ್ಗಿಸಲು ಕಿವಿಗೆ ಹಾಕುವ ಮಫ್ ತೆಗೆದುಕೊಂಡು ಹೋಗಿ. ಮನೆಯಲ್ಲಿ ಯಾರಿಗಾದರೂ ಅಸ್ತಮಾ ಇದ್ದರೆ ಇನ್‌ಹೇಲರ್ ಮರೆಯಬೇಡಿ, ಮರಳಿನ ಧೂಳು, ಕುದುರೆ ಕೂದಲು ಇದ್ದೇ ಇರುತ್ತದೆ. ಇನ್ನೊಂದು, ಹಳೇ ಕಾಲದ ಚಿತ್ರಹಿಂಸೆಯ ಸಲಕರಣೆಗಳನ್ನಿಟ್ಟ ಒಂದು ಕೋಣೆ ಕೆಲವು ಕೋಟೆಗಳಲ್ಲಿರುತ್ತದೆ, ಬೇರೆ ದುಡ್ಡು ಕೊಟ್ಟು ನೋಡುವಂಥದ್ದು. ಮಕ್ಕಳನ್ನು ಅತ್ತ ಬಿಡಬೇಡಿ.

ದುಡ್ಡಿನ ಲೆಕ್ಕ. ಟಿಕೆಟ್ ದರ ದಿನಕ್ಕೊಂದು ಥರ ಇರುತ್ತದೆ, ಆನ್‌ಲೈನ್‌ನಲ್ಲಿ ಆಗಾಗ ರಿಯಾಯಿತಿ ಬಿಡುತ್ತಾರೆ. ಅವರ ಇಮೇಲ್ ಪಟ್ಟಿಗೆ ಸೇರಿಕೊಂಡು ಸ್ವಲ್ಪ ಕಾದು ನೋಡಿ. ಮೂರು ವರ್ಷದವರೆಗಿನ ಮಕ್ಕಳು ಮಡಿಲಲ್ಲಿ ಕೂತರೆ ಟಿಕೆಟ್ ಬೇಡ. ನಿಮ್ಮ ಮಗನಿಗೆ ನಾಲ್ಕಾದ್ದರಿಂದ ಬೇಕು. ಪರದೆಯ ಮೇಲೆ ಕಾಣುವ ದರಕ್ಕೆ ತೆರಿಗೆ, ಶುಲ್ಕ ಸೇರಿ ಕೊನೆಯಲ್ಲಿ ಜಾಸ್ತಿಯಾಗುತ್ತದೆ. ಮುಂದಿನ ಸಾಲು, ಬಾವುಟ ಅಂತ ಹೆಚ್ಚಿನ ದುಡ್ಡಿನ ಪ್ಯಾಕೇಜುಗಳೂ ಇವೆ. ಮೊದಲ ಸಲಕ್ಕೆ ಸಾಮಾನ್ಯ ಟಿಕೆಟ್ಟೇ ಸಾಕು, ಎಲ್ಲಿ ಕೂತರೂ ಕಾಣುತ್ತದೆ. ಒಳಗೆ ಹೋಗುವಾಗ ತೆಗೆದ ಫೋಟೊವನ್ನು ಆಮೇಲೆ ಮೇಜಿಗೆ ತಂದು ಮಾರುತ್ತಾರೆ, ಬೇಡ ಅಂದರೆ ಬೇಸರ ಮಾಡಿಕೊಳ್ಳುವುದಿಲ್ಲ. ಮಿಣುಕುವ ಕತ್ತಿ, ಬಾವುಟದ ಅಂಗಡಿ ದಾರಿಯಲ್ಲೇ ಇರುತ್ತದೆ. ತಲೆಗೊಂದು ಸಾಮಾನು, ಇಷ್ಟು ಡಾಲರ್ ಒಳಗೆ ಅಂತ ಮನೆಯಲ್ಲೇ ಮಾತಾಡಿಕೊಂಡು ಹೊರಡಿ.

ಟಿಪ್ಸ್ ಮಾತ್ರ ಉಳಿಸಲು ಹೋಗಬೇಡಿ, ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. ಊಟಕ್ಕೆ ಟಿಕೆಟ್ಟಿನಲ್ಲೇ ದುಡ್ಡು ಕೊಟ್ಟಾಯಿತಲ್ಲ ಅಂತ ಹೊಸಬರಿಗೆ ಅನ್ನಿಸುವುದು ಸಹಜ. ಆದರೆ ಟಿಪ್ಸ್ ಅದರಲ್ಲಿ ಸೇರಿಲ್ಲ. ಈ ದೇಶದಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಫೆಡರಲ್ ಕಾನೂನು ಗೊತ್ತುಮಾಡಿರುವ ಕನಿಷ್ಠ ಸಂಬಳ ಗಂಟೆಗೆ 2.13 ಡಾಲರ್, 1991ರಿಂದ ಅದು ಏರಿಲ್ಲ. ನ್ಯೂಜೆರ್ಸಿಯಲ್ಲಿ ಅದಕ್ಕಿಂತ ಜಾಸ್ತಿ ಇದೆ, ಆದರೂ ಮನೆ ನಡೆಯುವುದು ಟಿಪ್ಸ್‌ನಿಂದಲೇ. ಆ ಕತ್ತಲಲ್ಲಿ ಬಿಸಿ ಸೂಪಿನ ಜಗ್ ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಾ ಅಷ್ಟು ಜನರಿಗೆ ಒಬ್ಬರೇ ಬಡಿಸುತ್ತಾರೆ. ನಿಮ್ಮ ಮಕ್ಕಳಿಗೆ ಬೇರೆ ತಟ್ಟೆ ನೆನಪಿಟ್ಟು ತಂದುಕೊಡುವವರೂ ಅವರೇ. ಟಿಕೆಟ್ ದರದ ನೂರಕ್ಕೆ ಹದಿನೆಂಟು ಇಪ್ಪತ್ತರಷ್ಟು ಲೆಕ್ಕ ಹಾಕಿ, ನಗದು ಇಟ್ಟುಕೊಂಡು ಹೋಗಿ.

ಹೊತ್ತು ಆರಿಸುವಾಗ ಶನಿವಾರ ಅಥವಾ ಭಾನುವಾರದ ಮಧ್ಯಾಹ್ನದ ಶೋ ನೋಡಿ. ರಾತ್ರಿಯದ್ದಾದರೆ ಚಿಕ್ಕವನು ಕತ್ತಿ ಕಾಳಗದ ಹೊತ್ತಿಗೆ ನಿದ್ದೆ ಹೋಗಿರುತ್ತಾನೆ. ಶೋ ಎರಡು ಗಂಟೆ ಹೊತ್ತು ನಡೆಯುತ್ತದೆ. ಶುರುವಾಗುವುದಕ್ಕೆ ಒಂದು ಗಂಟೆಗಿಂತಲೂ ಸ್ವಲ್ಪ ಹೆಚ್ಚು ಮುಂಚೆಯೇ ತಲುಪಿದರೆ ಕಿರೀಟ, ಬಾತ್‌ರೂಮು ಎಲ್ಲ ನಿಧಾನವಾಗಿ ಆಗುತ್ತದೆ. ಶುರುವಾದ ಮೇಲೆ ಸಾಲಿನಿಂದ ಎದ್ದು ಹೋಗುವುದು ಕಷ್ಟ. ದಪ್ಪ ಕೋಟುಗಳನ್ನು ಕಾರಿನಲ್ಲೇ ಬಿಡಿ, ಇಡಲು ಜಾಗವಿಲ್ಲ.

ಮುಂದೆ ಯಾವಾಗಲಾದರೂ ರಜೆಗೆ ದೂರ ಹೋದಾಗ ಬೇರೆಯವನ್ನೂ ನೋಡಬಹುದು. ಟೆನೆಸಿಯ ಪಿಜನ್ ಫೋರ್ಜ್‌ನಲ್ಲಿ ಹಾಡುಗಾರ್ತಿ ಡಾಲಿ ಪಾರ್ಟನ್ ಹೆಸರಿನ ಸ್ಟಾಂಪೀಡ್ ಅನ್ನುವ ಇಂಥದ್ದೇ ಊಟದ ಶೋ ಇದೆ, 1988ರಿಂದ ನಡೆಯುತ್ತಿದೆ, ಅಲ್ಲೂ ಕುದುರೆಗಳೇ. ಡಿಸ್ನಿ ವರ್ಲ್ಡ್‌ನ ಫೋರ್ಟ್ ವಿಲ್ಡರ್ನೆಸ್‌ನಲ್ಲಿ 1974ರಿಂದ ನಡೆಯುವ ಹೂಪ್-ಡೀ-ಡೂ ಅಂತ ಒಂದು ಹಾಡು-ಕುಣಿತದ ಶೋ ಇದೆ. ಅದರಲ್ಲಿ ಕಾಳಗ ಇಲ್ಲ, ತೀರಾ ಹೆದರುವ ಮಕ್ಕಳಿಗೆ ಅದೇ ವಾಸಿ.

ಮಗಳಿಗೆ ಮೊದಲೇ ಇಷ್ಟು ಹೇಳಿಡಿ. ನಿನ್ನ ಬಣ್ಣದವನು ಸೋಲಬಹುದು, ಗೆಲ್ಲುವುದು ಒಬ್ಬನೇ. ಗೆದ್ದವನು ಬೇರೆ ಬಣ್ಣದವನಾದರೂ ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಮಕ್ಕಳು ಇದನ್ನು ತುಂಬಾ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ, ವಾಪಸ್ ಬರುವಾಗ ಕಾರಿನಲ್ಲಿ ಅತ್ತರೆ ಗಾಬರಿಯಾಗಬೇಡಿ. ಯಾವ ವಾರ ಹೋಗುತ್ತೀರಿ ಅಂತ ತಿಳಿಸಿ, ನಮ್ಮ ಮನೆಯಲ್ಲಿ ಮಕ್ಕಳ ಕಿವಿಯ ಮಫ್ ಎರಡು ಇವೆ. ದೇವಸ್ಥಾನಕ್ಕೆ ಬಂದಾಗ ತೆಗೆದುಕೊಂಡು ಹೋಗಿ.