ಸೆರೆಮನೆಯಿಂದ ಬಂದ ಪ್ರಶ್ನೆ

ಪ್ರಶ್ನೆ: ನಮ್ಮ ಸಭೆಯ ಬುಧವಾರದ ಕೂಟದಲ್ಲಿ ಲೂಕನ ಸುವಾರ್ತೆಯ 7ನೇ ಅಧ್ಯಾಯ ನಡೆಯುತ್ತಿದೆ. ಯೇಸುವಿಗೆ ದಾರಿ ಸಿದ್ಧಮಾಡಿದ ಸ್ನಾನಿಕನಾದ ಯೋಹಾನನೇ ಇಬ್ಬರು ಶಿಷ್ಯರನ್ನು ಕಳಿಸಿ, "ಬರಬೇಕಾದವನು ನೀನೋ, ನಾವು ಬೇರೊಬ್ಬನಿಗಾಗಿ ಕಾಯಬೇಕೋ" ಎಂದು ಕೇಳಿಸುತ್ತಾನೆ. ಅವನಿಗೂ ಸಂಶಯ ಬಂದಿತ್ತೇ ಎಂದು ಕೇಳಿದೆ. ಕೂಟ ನಡೆಸುವ ಹಿರಿಯರು, "ಪ್ರವಾದಿಗೆ ಸಂಶಯ ಎಲ್ಲಿಂದ ಬರಬೇಕು? ಶಿಷ್ಯರಿಗೆ ಖಾತ್ರಿಯಾಗಲೆಂದು ಕಳಿಸಿದ, ಅಷ್ಟೇ. ನಿನಗೇ ನಂಬಿಕೆ ಸಾಲದು" ಎಂದುಬಿಟ್ಟರು. ಅಂದಿನಿಂದ ನಾನು ಬಾಯಿ ಬಿಟ್ಟಿಲ್ಲ. ನಾನು ಓದಿದ್ದು ತಪ್ಪೇ?
— ಓದುಗಿ, ಮಡಿಕೇರಿ

ಉತ್ತರ: ತಪ್ಪಲ್ಲ, ಸಹೋದರಿ. ಆದರೆ ನಿಮ್ಮ ಹಿರಿಯರ ಬೆನ್ನಿಗೆ ಘಟಾನುಘಟಿಗಳಿದ್ದಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 4ನೇ ಶತಮಾನದ ಪ್ರಸಂಗಿ ಕ್ರಿಸೊಸ್ತೊಮನೂ 16ನೇ ಶತಮಾನದ ಧರ್ಮಸುಧಾರಕ ಕ್ಯಾಲ್ವಿನನೂ ಇದೇ ಅರ್ಥ ಹೇಳಿದರು. ಇವರಿಗಿಂತ ಹಿಂದಿನ ಕ್ರೈಸ್ತ ಲೇಖಕ ತೆರ್ತುಲ್ಯನ ಮಾತ್ರ ಯೋಹಾನನಿಗೆ ಸಂಶಯ ಬಂದದ್ದು ನಿಜವೆಂದೇ ಬರೆದ. ನನ್ನ ಮತ ತೆರ್ತುಲ್ಯನಿಗೆ. ಕಾರಣ 22ನೇ ವಚನದಲ್ಲಿದೆ. "ನೀವು ಕಂಡು ಕೇಳಿದ್ದನ್ನು ಹೋಗಿ ಯೋಹಾನನಿಗೆ ತಿಳಿಸಿರಿ" ಎನ್ನುತ್ತಾನೆ ಯೇಸು. ಖಾತ್ರಿಯಾಗಬೇಕಾದವರು ಶಿಷ್ಯರೇ ಆಗಿದ್ದರೆ ಉತ್ತರ ಮತ್ತೆ ಯೋಹಾನನ ತನಕ ಹೋಗುವ ಅಗತ್ಯವೇನಿತ್ತು?

ಅವನ ಪಾಡನ್ನೂ ಸ್ವಲ್ಪ ನೋಡಿ. ಮರದ ಬುಡಕ್ಕೆ ಕೊಡಲಿ ಬಿದ್ದಾಯಿತು, ಬರುವವನು ಕಣವನ್ನು ಹಸನುಮಾಡಿ ಹೊಟ್ಟನ್ನು ಸುಡುತ್ತಾನೆ ಎಂದು ಸಾರಿದವನು ಅವನು. ಸಹೋದರನ ಹೆಂಡತಿಯನ್ನು ಕಟ್ಟಿಕೊಂಡ ಗಲಿಲಾಯದ ಅಧಿಪತಿ ಹೆರೋದ ಅಂತಿಪನನ್ನು ಖಂಡಿಸಿದ್ದಕ್ಕೆ ಸೆರೆಯಾದ. ಆ ಸೆರೆ ಮೃತ ಸಮುದ್ರದ ಪೂರ್ವಕ್ಕಿರುವ ಮಖೇರಸ್ ಕೋಟೆ ಎನ್ನುತ್ತಾನೆ ಇತಿಹಾಸಕಾರ ಜೋಸೆಫಸ್. ಕೊಡಲಿ ಬೀಳಲಿಲ್ಲ, ಹೊಟ್ಟು ಸುಡಲಿಲ್ಲ. ಹೆರೋದ ಅರಮನೆಯಲ್ಲಿ ಸುಖವಾಗಿದ್ದಾನೆ, ಯೇಸು ಸುಂಕದವರ ಜೊತೆ ಊಟಕ್ಕೆ ಕೂರುತ್ತಿದ್ದಾನೆಂಬ ಸುದ್ದಿ ಬರುತ್ತಿದೆ. ಇಷ್ಟಾದ ಮೇಲೂ ಸಂಶಯ ಬರದಿದ್ದರೆ ಅವನು ತಾನು ಸಾರಿದ್ದನ್ನೇ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ ಎನ್ನಬೇಕಾಗುತ್ತದೆ.

ಇನ್ನು ಉತ್ತರ. ಕುರುಡರಿಗೆ ಕಣ್ಣು ಬರುತ್ತದೆ, ಕುಂಟರು ನಡೆಯುತ್ತಾರೆ, ಕುಷ್ಠರೋಗಿಗಳು ಶುದ್ಧರಾಗುತ್ತಾರೆ, ಕಿವುಡರು ಕೇಳುತ್ತಾರೆ, ಸತ್ತವರು ಏಳುತ್ತಾರೆ, ಬಡವರಿಗೆ ಶುಭವಾರ್ತೆ ಸಾರಲ್ಪಡುತ್ತದೆ. ಇವುಗಳಲ್ಲಿ ಹೆಚ್ಚಿನವು ಪ್ರವಾದಿ ಯೆಶಾಯನ ಗ್ರಂಥದ 35 ಮತ್ತು 61ನೇ ಅಧ್ಯಾಯಗಳ ಮಾತುಗಳು. ಈಗ ಲೂಕನ 4ನೇ ಅಧ್ಯಾಯ ತೆರೆಯಿರಿ. ನಜರೇತಿನಲ್ಲಿ ಯೇಸು ಯೆಶಾಯನ ಸುರುಳಿಯಿಂದ ಓದಿದಾಗ "ಸೆರೆಯವರಿಗೆ ಬಿಡುಗಡೆ" ಎಂಬ ಮಾತೂ ಇತ್ತು. ಸೆರೆಯಲ್ಲಿರುವವನಿಗೆ ಕಳಿಸಿದ ಉತ್ತರದಲ್ಲಿ ಆ ಮಾತೇ ಇಲ್ಲ! ಆ ಪ್ರವಾದನೆ ಬಾಯಿಪಾಠವಿದ್ದವನಿಗೆ ಬಿಟ್ಟುಹೋದದ್ದು ತಿಳಿಯದೇ ಇದ್ದೀತೇ? ನಿನ್ನನ್ನು ಬಿಡಿಸಲು ನಾನು ಬರುವುದಿಲ್ಲ ಎಂದೇ ಅದರ ಅರ್ಥವೆಂದು ನನಗನಿಸುತ್ತದೆ. "ನನ್ನ ವಿಷಯದಲ್ಲಿ ಎಡವದವನು ಧನ್ಯನು" ಎಂಬ ಮುಂದಿನ ಮಾತನ್ನು ಗದರಿಕೆಯಂತೆ ಓದುವವರಿದ್ದಾರೆ. ಬಿಡುಗಡೆಯ ಭರವಸೆ ಕೊಡಲಾಗದವನು ಹೇಳಿದ ಮಾತೆಂದು ಒಮ್ಮೆ ಓದಿ ನೋಡಿ.

ದೂತರು ಹೊರಟ ಮೇಲೆ ಯೇಸು ಜನರ ಕಡೆಗೆ ತಿರುಗಿ, ಯೋಹಾನನ ಬಗ್ಗೆ, "ಏನು ನೋಡಲು ಅಡವಿಗೆ ಹೋಗಿದ್ದಿರಿ? ಗಾಳಿಗೆ ಓಲಾಡುವ ಜೊಂಡನ್ನೇ?" ಎನ್ನುತ್ತಾನೆ. ಅಂತಿಪನು ತಿಬೇರಿಯಾ ಪಟ್ಟಣ ಕಟ್ಟಿಸಿ ಅಚ್ಚುಹಾಕಿಸಿದ ನಾಣ್ಯಗಳ ಮೇಲೆ ತನ್ನ ಮುಖದ ಬದಲು ಜೊಂಡಿನ ಚಿತ್ರ ಹಾಕಿಸಿದ್ದ. ಏಟು ಅವನಿಗೇ ಎಂದು ಕೆಲವು ವಿದ್ವಾಂಸರ ಊಹೆ. ಮುಂದಿನ ವಚನದಲ್ಲಿ ಅರಮನೆಯ ನಯವಾದ ಉಡುಪಿನ ಪ್ರಸ್ತಾಪವೂ ಬರುವುದರಿಂದ ಊಹೆ ಹುರುಳಿಲ್ಲದ್ದಲ್ಲ. ಸ್ತ್ರೀಯರಲ್ಲಿ ಹುಟ್ಟಿದವರಲ್ಲಿ ಯೋಹಾನನಿಗಿಂತ ದೊಡ್ಡವನಿಲ್ಲ ಎಂಬ ಹೊಗಳಿಕೆ ಬರುವುದೂ ಈ ಪ್ರಶ್ನೆ ಕೇಳಿದ ಮೇಲೆಯೇ.

ಅದೇ ಅಧ್ಯಾಯದಲ್ಲಿ ಸಂಶಯಪಟ್ಟವನು ಇನ್ನೊಬ್ಬನಿದ್ದಾನೆ, ಅವನನ್ನು ಕೂಟಗಳು ಗಮನಿಸುವುದು ಕಡಿಮೆ. ಯೇಸುವನ್ನು ಊಟಕ್ಕೆ ಕರೆದ ಸಿಮೋನ, ಧರ್ಮನಿಯಮದಲ್ಲಿ ಕಟ್ಟುನಿಟ್ಟಾದ ಫರಿಸಾಯ ಪಂಥದವನು. ಪಾಪಿಯೆನಿಸಿಕೊಂಡ ಹೆಂಗಸು ಕಣ್ಣೀರಿನಿಂದ ಯೇಸುವಿನ ಪಾದ ತೊಯಿಸಿ ತಲೆಗೂದಲಿನಿಂದ ಒರಸುವಾಗ ಅವನು, "ಇವನು ಪ್ರವಾದಿಯಾಗಿದ್ದರೆ ಇವಳು ಎಂಥವಳೆಂದು ತಿಳಿಯುತ್ತಿತ್ತು" ಎಂದುಕೊಳ್ಳುತ್ತಾನೆ. ಒಳಗೊಳಗೇ! ಯೋಹಾನನು ತನ್ನ ಸಂಶಯವನ್ನು ಕೇಳಬೇಕಾದವನ ಬಳಿಗೇ ಕಳಿಸಿದ. ಸಿಮೋನನು ಅತಿಥಿಯ ಕಾಲಿಗೆ ನೀರನ್ನೂ ಕೊಡದೆ, ಎದುರಿಗೆ ಕುಳಿತು, ಮನಸ್ಸಿನಲ್ಲೇ ತೀರ್ಪು ಬರೆದ. 500 ಮತ್ತು 50 ಬೆಳ್ಳಿ ನಾಣ್ಯಗಳ ಸಾಲ ಮನ್ನಾ ಆದ ಇಬ್ಬರಲ್ಲಿ ಹೆಚ್ಚು ಪ್ರೀತಿಸುವವನು ಯಾರು ಎಂಬ ಕಥೆ ಕೇಳಬೇಕಾಗಿ ಬಂದದ್ದು ಅವನೇ. ಹೆಂಗಸು ಕೊನೆಯವರೆಗೂ ಒಂದು ಮಾತೂ ಆಡುವುದಿಲ್ಲ. "ನಿನ್ನ ನಂಬಿಕೆಯೇ ನಿನ್ನನ್ನು ರಕ್ಷಿಸಿತು" ಎಂದು ಕೇಳಿಸಿಕೊಂಡವಳು ಮಾತ್ರ ಅವಳು.

ಆದ್ದರಿಂದ ಮುಂದಿನ ಬುಧವಾರ ನೀವು ಮತ್ತೆ ಕೇಳಿ. 22ನೇ ವಚನವನ್ನು ಹಿರಿಯರಿಂದಲೇ ಗಟ್ಟಿಯಾಗಿ ಓದಿಸಿ. ಅವರು ಆಗಲೂ ಒಪ್ಪದಿದ್ದರೆ ಜಗಳ ಬೇಡ, 8ನೇ ಅಧ್ಯಾಯಕ್ಕೆ ಹೋಗಿ.

ಪ್ರಶ್ನೆ: ಪವಿತ್ರ ನಾಡಿನ ಪ್ರವಾಸದಲ್ಲಿ ಕಪೆರ್ನೌಮಿನ ಬಿಳಿ ಕಂಬಗಳನ್ನು ತೋರಿಸಿ, ಶತಾಧಿಪತಿ (ನೂರು ಸೈನಿಕರ ಮೇಲಿನ ಅಧಿಕಾರಿ) ಕಟ್ಟಿಸಿದ ಸಭಾಮಂದಿರ ಇದೇ ಎಂದರು. ನಿಜವೇ? ಕಾಯಿಲೆಬಿದ್ದ ತನ್ನ ಆಳನ್ನು ವಾಸಿಮಾಡೆಂದು ಯೇಸುವನ್ನು ಕೇಳಲು ಮತ್ತಾಯನಲ್ಲಿ ಶತಾಧಿಪತಿ ತಾನೇ ಬರುತ್ತಾನೆ, ಲೂಕನಲ್ಲಿ ಬರುವುದೇ ಇಲ್ಲ. ಅದೇಕೆ?
— ಓದುಗರು, ಕುವೈತ್

ಉತ್ತರ: ಬಿಳಿ ಸುಣ್ಣಕಲ್ಲಿನ ಕಟ್ಟಡ ಬಹಳ ಈಚಿನದು, 4–5ನೇ ಶತಮಾನದ ಆಸುಪಾಸಿನದು. ಅದರಡಿಯಲ್ಲಿ ಕರಿಕಲ್ಲಿನ ಹಳೆಯ ಗೋಡೆಗಳಿವೆ. ಶತಾಧಿಪತಿಯ ಕಾಲದ್ದೆಂದು ಅನೇಕರು ಹೇಳುವುದು ಅವುಗಳನ್ನು. ಮುಂದಿನ ಸಲ ಹೋದಾಗ ಕಂಬ ಬಿಟ್ಟು ಬುಡ ನೋಡಿ.

ಲೂಕನು ಶತಾಧಿಪತಿಯನ್ನು ಮನೆಯಲ್ಲೇ ಉಳಿಸಿದ್ದರಿಂದ ನಮಗೆ ಸಿಕ್ಕಿದ್ದು ಎರಡು ನಿಯೋಗ. ಮೊದಲು ಬಂದ ಯೆಹೂದ್ಯ ಹಿರಿಯರು, "ಅವನು ಯೋಗ್ಯನು, ನಮಗೆ ಸಭಾಮಂದಿರ ಕಟ್ಟಿಸಿದ್ದಾನೆ" ಎನ್ನುತ್ತಾರೆ. ಆಮೇಲೆ ಬಂದ ಸ್ನೇಹಿತರು ಅವನದೇ ಮಾತು ತರುತ್ತಾರೆ: ನೀನು ನನ್ನ ಮನೆಗೆ ಬರುವಷ್ಟು ಯೋಗ್ಯತೆ ನನಗಿಲ್ಲ, ಒಂದು ಮಾತು ಹೇಳು ಸಾಕು. ಕಟ್ಟಿಸಿದ ಮಂದಿರದ ಸುದ್ದಿಯನ್ನೇ ಅವನು ಎತ್ತುವುದಿಲ್ಲ. ನಾನು ಪಾಲಕನಾಗಿದ್ದ ಒಂದು ಸಭೆಯಲ್ಲಿ ಬೆಂಚುಗಳ ಬೆನ್ನಿಗೂ ಸೀಲಿಂಗ್ ಫ್ಯಾನಿನ ರೆಕ್ಕೆಗೂ ದಾನಿಗಳ ಹೆಸರು ಬರೆಸಿದ್ದರು. ಫ್ಯಾನ್ ತಿರುಗುವಾಗ ಹೆಸರು ಕಾಣಿಸುವುದಿಲ್ಲವೆಂದು ಒಬ್ಬರು ಕಮಿಟಿಗೆ ದೂರು ಕೊಟ್ಟರು. ಏಪ್ರಿಲ್ ತಿಂಗಳಾಗಿದ್ದರಿಂದ ಕಮಿಟಿ ಒಪ್ಪಲಿಲ್ಲ.